ನಿಷೇಧದ ಠರಾವು ಬಿದ್ದ ಮೇಲೆ ಟೆಂಡರ್ ಓದಿದೆ

ಸ್ಥಳೀಯ ಸಂಸ್ಥೆಯ ಸದಸ್ಯೆಯಾಗಿ ನಾನು ತಂದ ಮೊದಲ ಠರಾವು ಒಂದೇ ಸಾಲಿನದು. ನಮ್ಮ ವ್ಯಾಪ್ತಿಯಲ್ಲಿ ಯಾರೂ ಕಳೆನಾಶಕ ಹೊಡೆಯಬಾರದು. ಆಟದ ಮೈದಾನದ ಅಂಚಿಗೆ ಬೆಳಿಗ್ಗೆ ಔಷಧಿ ಹೊಡೆದು ಹೋಗಿದ್ದರು, ಸಂಜೆ ಮಕ್ಕಳು ಅದೇ ಹುಲ್ಲಿನ ಮೇಲೆ ಉರುಳಾಡುತ್ತಿದ್ದರು, ಅದನ್ನು ಕಣ್ಣಾರೆ ನೋಡಿದ್ದೆ. (ಔಷಧಿ ಅಂತ ಕರೆದು ಕರೆದು ಅದು ವಿಷ ಅನ್ನೋದೇ ನಮಗೆ ಮರೆತುಹೋಗಿದೆ.) ಠರಾವು ಬೇಗನೆ ವಾಪಸ್ ಬಂತು. ಮೇಲಿನ ಸರ್ಕಾರ ನೋಂದಣಿ ಮಾಡಿ ಮಾರಲು ಬಿಟ್ಟಿರುವುದನ್ನು ನಿಷೇಧಿಸುವ ಅಧಿಕಾರ ನಿಮಗಿಲ್ಲ ಅಂತ ಕಾನೂನು ಸಲಹೆಗಾರರು ಬರೆದಿದ್ದರು.

ಬೇಜಾರಾಯಿತು. ಆದರೆ ಬೇರೆಯವರು ಹೇಗೆ ಮಾಡಿದರು ಅಂತ ಓದತೊಡಗಿದೆ. ಕೆನಡಾದ ಹಡ್ಸನ್ ಅನ್ನೋ ಪುಟ್ಟ ಪಟ್ಟಣದಲ್ಲಿ ಜೂನ್ ಇರ್ವಿನ್ ಎಂಬ ಚರ್ಮವೈದ್ಯೆ ವರ್ಷಗಟ್ಟಲೆ ಸಭೆಗೆ ಹೋಗಿ ಕೀಟನಾಶಕದ ಬಗ್ಗೆ ಕೇಳುತ್ತಲೇ ಇದ್ದರು. 1991ರಲ್ಲಿ ಪಟ್ಟಣ ಉಪನಿಯಮ ತಂದಿತು. ಹುಲ್ಲುಹಾಸಿಗೆ ಔಷಧಿ ಹೊಡೆಯುವ ಎರಡು ಕಂಪನಿಗಳು ಕೋರ್ಟಿಗೆ ಹೋದವು. 2001ರಲ್ಲಿ ಸುಪ್ರೀಂ ಕೋರ್ಟ್ ಪಟ್ಟಣದ ಪರವಾಗಿ ನಿಂತಿತು. ಆ ಉಪನಿಯಮದಲ್ಲಿ ರೈತರಿಗೆ ಬೇರೆ ನಿಯಮವಿತ್ತು, ಅಂದಕ್ಕಾಗಿ ಹೊಡೆಯುವುದಕ್ಕೇ ಮುಖ್ಯವಾಗಿ ಕಡಿವಾಣ ಬಿದ್ದಿತ್ತು. ಅಮೆರಿಕದ ಸುಪ್ರೀಂ ಕೋರ್ಟ್ ಕೂಡ 1991ರಲ್ಲಿ ಕೇಂದ್ರದ ಕಾನೂನು ಊರುಗಳ ಕೈ ಕಟ್ಟುವುದಿಲ್ಲ ಅಂದಿತ್ತು, ಆದರೆ ಅಲ್ಲಿನ ಬಹುಪಾಲು ರಾಜ್ಯಗಳು ತಾವೇ ಕಾನೂನು ಮಾಡಿ ಆ ಅಧಿಕಾರ ಕಿತ್ತುಕೊಂಡಿವೆ. ಅಂದರೆ ಎಲ್ಲವೂ ನಿಮ್ಮ ಮೇಲಿರುವ ಕಾನೂನು ಏನು ಹೇಳುತ್ತದೆ ಅನ್ನೋದರ ಮೇಲೆ ನಿಂತಿದೆ. ಅದನ್ನು ಮೊದಲು ಓದಬೇಕಿತ್ತು, ನಾನು ಓದಿರಲಿಲ್ಲ.

ಆಮೇಲೆ ಹೊಳೆದದ್ದು ಇದು. ಪಾರ್ಕು, ಮೈದಾನ, ರಸ್ತೆ ಬದಿ, ಸ್ಮಶಾನ ಎಲ್ಲವೂ ಸಂಸ್ಥೆಯದೇ ಅಲ್ವಾ? ನಮ್ಮ ಜಾಗದಲ್ಲಿ ಏನು ಹೊಡೆಯಬಾರದು ಅಂತ ಹೇಳೋಕೆ ನಿಷೇಧದ ಅಧಿಕಾರ ಯಾಕೆ ಬೇಕು? ಟೆಂಡರ್ ಫೈಲ್ ತರಿಸಿ ಕೂತು ಓದಿದೆ. ಸಮಸ್ಯೆಯ ಬೇರು ಅಲ್ಲೇ ಇತ್ತು. ಗುತ್ತಿಗೆದಾರರಿಗೆ ಎಷ್ಟು ಸಲ ಸಿಂಪಡಿಸಿದರೋ ಅಷ್ಟು ಸಲ ಬಿಲ್. ಕಳೆ ಇರಲಿ ಬಿಡಲಿ, ಕ್ಯಾನ್ ಹೆಗಲೇರುತ್ತಿತ್ತು.

ಮುಂದಿನ ಟೆಂಡರ್‌ನಲ್ಲಿ "ಸಿಂಪಡಣೆ" ಅನ್ನೋ ಪದವನ್ನೇ ತೆಗೆಸಿ, ಜಾಗ ಎಷ್ಟು ಚೊಕ್ಕಟವಾಗಿದೆ ಅನ್ನೋದರ ಮೇಲೆ ಹಣ ಕೊಡುವ ಹಾಗೆ ಬರೆಸಿದೆವು. ಕಳೆ ಬೀಜ ಕಟ್ಟುವ ಮುಂಚೆ ಕತ್ತರಿಸುವುದು, ಗಿಡದ ಬುಡಕ್ಕೆ ಮೂರ್ನಾಲ್ಕು ಇಂಚು ಒಣ ಎಲೆ, ಮರದ ಚಕ್ಕೆ ಹೊದಿಸುವುದು, ಕಾಲುದಾರಿಯ ಬಿರುಕು ಮುಚ್ಚುವುದು. ಬಿರುಕು ಮುಚ್ಚಿದ ಕಡೆ ಕೆಲಸ ತುಂಬಾ ಕಡಿಮೆಯಾಯಿತು. ಮೊದಲ ವರ್ಷ ಕೈಕೆಲಸ ಜಾಸ್ತಿಯೇ ಆಯಿತು, ದೂರುಗಳೂ ಬಂದವು. ಹುಲ್ಲು ಬೆಳೆದಿದೆ, ಸೋಮಾರಿಗಳು ಅಂತ ಬೈದವರೂ ಇದ್ದರು.

ನನಗೆ ದಾರಿ ತೋರಿಸಿದ್ದು ಕೆಲಸದವರು. ಅವರನ್ನು ಅಲ್ಲಿಯವರೆಗೆ ಯಾರೂ ಏನೂ ಕೇಳಿರಲಿಲ್ಲ. ಗಾಳಿಯಲ್ಲಿ ಹೊಡೆದರೆ ಮುಖಕ್ಕೇ ಬರುತ್ತೆ, ಕೈಗವಸು ಹರಿದಿದೆ, ಡಬ್ಬಿ ಮೇಲಿನ ಲೇಬಲ್ ನಮಗೆ ಓದೋಕೆ ಬರಲ್ಲ ಅಂತ ಒಬ್ಬರು ಸಭೆಯಲ್ಲೇ ಎದ್ದು ಹೇಳಿದರು. ನಾನು ತಂದಿದ್ದ ಕಾಗದಗಳಿಗಿಂತ ಆ ಮಾತು ಹೆಚ್ಚು ಕೆಲಸ ಮಾಡಿತು. ನಮ್ಮ ಜಾಗದಲ್ಲಿ ಸಿಂಪಡಣೆ ನಿಲ್ಲಿಸುವ ಹೊಸ ಠರಾವಿಗೆ ಮತ ಹಾಕುವಾಗ ಯಾರೂ ವಿರೋಧಿಸಲಿಲ್ಲ.

ವಿನಾಯಿತಿ ಇಟ್ಟಿದ್ದೇವೆ. ರೋಗ ಹರಡುವ ಸೊಳ್ಳೆ, ಜನ ಓಡಾಡುವ ಕಡೆ ಕಟ್ಟಿದ ಕಣಜದ ಗೂಡು, ಇಂಥದ್ದಕ್ಕೆ ಲಿಖಿತ ಅನುಮತಿ ಬೇಕು, ಎರಡು ದಿನ ಮೊದಲೇ ಬೋರ್ಡ್ ಹಾಕಬೇಕು, ಏನು ಎಷ್ಟು ಹೊಡೆದರು ಅಂತ ರಿಜಿಸ್ಟರ್‌ನಲ್ಲಿ ಬರೆಯಬೇಕು. ಆ ರಿಜಿಸ್ಟರ್ ಯಾರು ಕೇಳಿದರೂ ತೋರಿಸಬೇಕು ಅಂತ ಠರಾವಿನಲ್ಲೇ ಸೇರಿಸಿದ್ದೇವೆ, ಇಲ್ಲದಿದ್ದರೆ ಸುಮ್ನೆ ಬೀರುವಿನಲ್ಲಿ ಕೂತಿರುತ್ತೆ.

ಖಾಸಗಿ ಅಂಗಳಗಳ ಮೇಲೆ ನಮಗೆ ಇನ್ನೂ ಹಿಡಿತವಿಲ್ಲ. ಅದಕ್ಕೆ ಮೇಲಿನ ಕಾನೂನೇ ಬದಲಾಗಬೇಕು, ಹಾಗೆಂದು ಅರ್ಜಿ ಹಾಕಿದ್ದೇವೆ. ಆ ಅರ್ಜಿಯ ಜೊತೆ ನಮ್ಮ ರಿಜಿಸ್ಟರ್ ಪ್ರತಿಯನ್ನೂ ಕಳಿಸಿದ್ದೇವೆ.