ಕರೆಂಟಿಲ್ಲದ ಕಡಲ ಕೇರಿಗೆ ದಾವಣಗೆರೆಯಿಂದ ಸೋಲಾರ್

ದಾವಣಗೆರೆ ಸುತ್ತಮುತ್ತ ಮನೆ, ತೋಟಗಳಿಗೆ ಸೋಲಾರ್ ಹಾಕುವುದು ನನ್ನ ಕಸುಬು. ಗೋಕರ್ಣದ ಓಂ ಬೀಚ್ ದಾಟಿ, ಗುಡ್ಡ ಹತ್ತಿಳಿದು ಹೋಗಬೇಕಾದ ಕೇರಿಯೊಂದಿದೆ. ರಸ್ತೆಯೂ ಇಲ್ಲ, ಕರೆಂಟೂ ಇಲ್ಲ. ಅಲ್ಲಿನ ಮೀನುಗಾರರ ಮನೆಯೊಂದಕ್ಕೆ ಬೆಳಕು ಮಾಡಿಕೊಟ್ಟೆ.

ಯಾವಾಗ ಎಷ್ಟು ಹೊತ್ತು ದೀಪ ಬೇಕು ಎಂದು ಮೊದಲು ಕೇಳಿದೆ. ಮನೆಯ ಅಜ್ಜಿ, "ಆಷಾಢದಲ್ಲಿ ಬೆಳಕು ಬೇಕು ತಮಾ, ಬೇಸಗೆ ಹೆಂಗೂ ಕಳೀತದೆ" ಅಂದರು. ನನ್ನ ಲೆಕ್ಕವೆಲ್ಲ ನಿಂತಿದ್ದು ಆ ಮಾತಿನ ಮೇಲೆಯೇ. ನಮ್ಮಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ. ಆ ಕರಾವಳಿಯಲ್ಲಿ 3,000 ದಾಟುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಬಿಸಿಲನ್ನು ನಂಬುವಂತಿಲ್ಲ.

9 ವ್ಯಾಟ್‌ನ ಮೂರು ದೀಪ ಐದು ಗಂಟೆ ಉರಿದರೆ 135 ವ್ಯಾಟ್‌ಅವರ್, ಮೊಬೈಲಿಗೆ 25. ದಿನಕ್ಕೆ ಒಟ್ಟು 160. 28 ವ್ಯಾಟ್‌ನ ಬಿಎಲ್‌ಡಿಸಿ (ಕಡಿಮೆ ಕರೆಂಟು ತಿನ್ನುವ) ಫ್ಯಾನ್ ರಾತ್ರಿ ಎಂಟು ಗಂಟೆ ತಿರುಗಿದರೆ ಮತ್ತೆ 224. ಆದರೆ ಜಡಿಮಳೆಯಲ್ಲಿ ಫ್ಯಾನ್ ಯಾರಿಗೆ ಬೇಕು? ಹಾಗಾಗಿ 12.8 ವೋಲ್ಟ್, 60 ಆಂಪಿಯರ್‌ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಆರಿಸಿದೆ. ಎರಡನ್ನೂ ಗುಣಿಸಿದರೆ 768 ವ್ಯಾಟ್‌ಅವರ್. ಶೇ. 80ರಷ್ಟು ಬಳಸಿದರೂ ಸೂರ್ಯನ ಮುಖ ಕಾಣದ ಮೂರು ದಿನ ದೀಪಕ್ಕೆ ಕೊರತೆಯಿಲ್ಲ. ಐವತ್ತು ಕಿಲೋ ದಾಟುವ ಸೀಸ-ಆಮ್ಲದ ಟ್ಯೂಬ್ಯುಲರ್ ಬ್ಯಾಟರಿಯನ್ನು ಆ ಕಾಲುದಾರಿಯಲ್ಲಿ ಹೊರುವುದು ಆಗದ ಮಾತು. ಪ್ಯಾನೆಲ್ಲೂ ಅಷ್ಟೇ: ದೊಡ್ಡದೊಂದರ ಬದಲು 165 ವ್ಯಾಟ್‌ನ ಎರಡು ಒಯ್ದೆ.

ಹಾವೇರಿ, ಶಿರಸಿ, ದೇವಿಮನೆ ಘಟ್ಟ ಇಳಿದು ಹೋಗುವವರೆಗೆ ಸಾಮಾನು ಗಾಡಿಯಲ್ಲಿ. ಮುಂದೆ ದೋಣಿ. ಉಬ್ಬರ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ; ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಎಲ್ಲಿ ಯಾವಾಗ ದೋಣಿ ತಾಗಿಸಬೇಕೆಂಬುದನ್ನು ಮನೆಯವರೇ ಹೇಳಿದರು.

ಅಲ್ಲಿ ಅತಿ ಹೆಚ್ಚು ಕೆಲಸ ಕೊಡುವುದು ಉಪ್ಪುಗಾಳಿ. ನಮ್ಮೂರಲ್ಲಿ ಪೇಂಟ್ ಬಳಿದ ಕಬ್ಬಿಣದ ಆಂಗಲ್ ವರ್ಷಗಟ್ಟಲೆ ನಿಲ್ಲುತ್ತದೆ, ಅಲ್ಲಿ ಬೇಗ ತುಕ್ಕು ತಿನ್ನುತ್ತದೆ. ಅಲ್ಯೂಮಿನಿಯಂ ಚೌಕಟ್ಟು, ಉಪ್ಪಿಗೆ ಸುಲಭವಾಗಿ ಜಗ್ಗದ 316 ದರ್ಜೆಯ ಸ್ಟೇನ್‌ಲೆಸ್ ಬೋಲ್ಟು ಹಾಕಿದೆ. ಈ ಎರಡು ಲೋಹ ನೇರ ತಾಗಿದರೆ ಉಪ್ಪುನೀರಿನಲ್ಲಿ ಅಲ್ಯೂಮಿನಿಯಂ ಸವೆಯುತ್ತದೆ. ನಡುವೆ ನೈಲಾನ್ ವಾಷರ್ ಇರಲೇಬೇಕು. ತಂತಿ ತವರ ಲೇಪಿಸಿದ ತಾಮ್ರದ್ದು. ಬ್ಯಾಟರಿಯ ಡಿಸಿಯನ್ನು ಎಸಿ ಕರೆಂಟಾಗಿಸುವ ಇನ್ವರ್ಟರ್ ಹಾಕಲೇ ಇಲ್ಲ, ಅದರ ಫ್ಯಾನು ಉಪ್ಪುಗಾಳಿಯನ್ನು ಒಳಗಿನ ಬೋರ್ಡಿಗೆ ಎಳೆಯುತ್ತದೆ. ದೀಪ, ಫ್ಯಾನ್ ಎಲ್ಲ 12 ವೋಲ್ಟ್ ಡಿಸಿ. ಪ್ಯಾನೆಲ್ಲುಗಳನ್ನು ತೆಂಗಿನ ನೆರಳು ಬೀಳದ ಅಂಗಳದ ಮೂಲೆಯಲ್ಲಿ, ದಕ್ಷಿಣಕ್ಕೆ 15 ಡಿಗ್ರಿ ಓರೆಯಾಗಿ ನಿಲ್ಲಿಸಿದೆವು. ಮಳೆ ಬಂದಾಗ ಉಪ್ಪಿನ ಪೊರೆ ತಾನೇ ತೊಳೆದು ಹೋಗುತ್ತದೆ; ಮಳೆಯಿಲ್ಲದ ತಿಂಗಳುಗಳಲ್ಲಿ ಬಾವಿಯ ಸಿಹಿನೀರಲ್ಲಿ ಒರೆಸಬೇಕು.

ಅಂಗಳದ ದೀಪವನ್ನು ಕಡಲ ಕಡೆ ಮುಖಮಾಡಿ ಹಾಕಲು ನಾನು ಒಪ್ಪಲಿಲ್ಲ. ಚಳಿಗಾಲದಲ್ಲಿ ಆ ಕರಾವಳಿಯ ಮರಳಿನಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆ ಇಡುತ್ತವೆ. ಒಂದೂವರೆ, ಎರಡು ತಿಂಗಳಿಗೆ ಹೊರಬರುವ ಮರಿಗಳು ಹೆಚ್ಚು ಬೆಳಕಿರುವ ದಿಕ್ಕೇ ಕಡಲೆಂದು ಹೊರಡುತ್ತವೆ. ಮನೆಯ ದೀಪ ಕಂಡರೆ ಇತ್ತ ತಿರುಗಿ ಒಣಗಿ ಸಾಯುತ್ತವೆ, ಇಲ್ಲವೆ ನಾಯಿ, ಕಾಗೆಯ ಬಾಯಿಗೆ ಬೀಳುತ್ತವೆ. ಮಾಡಿನ ಕೆಳಗೆ, ಗುಡ್ಡದ ಕಡೆಗೆ, ಮೇಲೆ ಮುಚ್ಚಿಗೆಯಿರುವ ಹಳದಿ ದೀಪ ಹಾಕಿದೆ. ಮನೆಯವರಿಗೆ ಕಾರಣ ಹೇಳಿದ ಮೇಲೆ ಪಕ್ಕದ ಮನೆಯವರೂ ತಮ್ಮ ಟಾರ್ಚನ್ನು ದಂಡೆಗೆ ಬಿಡುವುದನ್ನು ನಿಲ್ಲಿಸಿದರು.

ಇಂಥ ಕೆಲಸಕ್ಕೆ ಹೊರಡುವವರು ಫ್ಯೂಸು, ಒಂದು ಚಾರ್ಜ್ ಕಂಟ್ರೋಲರ್ (ಪ್ಯಾನೆಲ್ಲಿನಿಂದ ಬ್ಯಾಟರಿಗೆ ಹೋಗುವ ಚಾರ್ಜನ್ನು ಹಿಡಿತದಲ್ಲಿಡುವ ಪೆಟ್ಟಿಗೆ), ಒಂದೆರಡು ದೀಪ ಮೇ ತಿಂಗಳಲ್ಲೇ ಆ ಮನೆಯಲ್ಲಿ ಇಟ್ಟು ಬನ್ನಿ. ಜೂನ್ ಹಿಡಿದರೆ ಸಣ್ಣ ದೋಣಿ ಇಳಿಯುವುದಿಲ್ಲ, ಗುಡ್ಡದ ದಾರಿ ಜಾರುತ್ತದೆ, ದಾವಣಗೆರೆಯಿಂದ ಫೋನಿನಲ್ಲಿ ಹೇಳಿಕೊಡುವುದಷ್ಟೇ ನಮ್ಮ ಕೈಲಿರುವುದು. ಫ್ಯೂಸ್ ಬದಲಿಸುವುದನ್ನು ಅಜ್ಜಿಯ ಮೊಮ್ಮಗಳಿಗೆ ಕಲಿಸಿಯೇ ಬಂದಿದ್ದೇನೆ.