ತೊಳೆಯುವ ಮುಂಚೆ ಓದಿಬಿಡಿ: ಹಳೆ ಗೇರ್‌ಬಾಕ್ಸ್, ಇಂಜಿನ್ ಮೇಲಿನ ಗುರುತುಗಳು

ಹಳೆ ಕಾರಿನ ಇಂಜಿನ್, ಗೇರ್‌ಬಾಕ್ಸ್ ಇಳಿಸಿದ ಕೂಡಲೇ ಕೈ ವೈರ್ ಬ್ರಷ್ ಕಡೆ ಹೋಗುತ್ತದೆ. ನಾನು ಅದನ್ನು ಮುಟ್ಟುವುದು ಎಲ್ಲಕ್ಕಿಂತ ಕೊನೆಗೆ. ಫ್ಯಾಕ್ಟರಿಯಲ್ಲಿ ಹಾಕಿದ ಬಣ್ಣದ ಪಟ್ಟಿ, ಚಾಕ್‌ನಲ್ಲಿ ಗೀಚಿದ ಅಕ್ಷರ ಇಷ್ಟು ವರ್ಷ ಉಳಿದಿರುವುದೇ ಆ ಜಿಡ್ಡಿನ ಅಡಿಯಲ್ಲಿ. ಸ್ಯಾಂಡ್ ಬ್ಲಾಸ್ಟ್ ಮಾಡಿಸಿದರೆ ಎಲ್ಲಾ ಹೋಯಿತು.

ನಾನು ಕೆಲಸ ಮಾಡಿದ್ದು 1969ರ ಷೆವರ್ಲೆ ಕಮಾರೊ ಎಂಬ ಅಮೆರಿಕದ ಕಾರಿನ ಮೇಲೆ. ಮೊದಲು ಇದ್ದ ಹಾಗೇ ಫೋಟೊ ತೆಗೆದೆ. ಆಮೇಲೆ ಪ್ಲಾಸ್ಟಿಕ್ ಪಟ್ಟಿಯಿಂದ ದಪ್ಪ ಗ್ರೀಸ್ ಎತ್ತಿದೆ. ಉಳಿದದ್ದಕ್ಕೆ ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆ ಹೊದಿಸಿ ಬಿಟ್ಟೆ. ಉಜ್ಜಲೇಬಾರದು, ಒತ್ತಿ ತೆಗೆಯಬೇಕು. ಪಂಚ್ ಮಾಡಿದ ನಂಬರ್ ಓದಲು ಟಾರ್ಚ್ ಅನ್ನು ಪಕ್ಕದಿಂದ, ಲೋಹಕ್ಕೆ ತಾಗುವ ಹಾಗೆ ಹಿಡಿಯಬೇಕು. ನೇರವಾಗಿ ಬೆಳಕು ಬಿಟ್ಟರೆ ಏನೂ ಕಾಣಲ್ಲ. ಅಡ್ಡ ಬೆಳಕಿನಲ್ಲಿ ಅಕ್ಷರದ ನೆರಳು ಏಳುತ್ತದೆ.

ಗೇರ್‌ಬಾಕ್ಸ್ ಮೇಲೆ ಎದ್ದು ಬಂದದ್ದು ‘ಪಿ9ಡಿ05ಬಿ’. ಪಿ ಅಂದರೆ ಈ ಗೇರ್‌ಬಾಕ್ಸ್ ತಯಾರಿಸಿದ ಮನ್ಸಿ ಪ್ಲಾಂಟ್, 9 ಅಂದರೆ 1969, ಡಿ ಅಂದರೆ ಏಪ್ರಿಲ್, 05 ತಾರೀಖು. ಕೊನೆಯ ಬಿ ಅಂದರೆ ಎಂ21, ಅಂದರೆ ಹಲ್ಲುಗಳ ಅನುಪಾತ ಹತ್ತಿರ ಹತ್ತಿರ ಇರುವ ನಾಲ್ಕು ಗೇರಿನ ಬಾಕ್ಸ್. ಇಲ್ಲಿ ಒಂದು ಎಚ್ಚರ ಬೇಕು. ಇಂಜಿನ್ ಬ್ಲಾಕ್‌ನ ಎರಕದ ತಾರೀಖಿನಲ್ಲಿ ತಿಂಗಳುಗಳು ಎ, ಬಿ, ಸಿ ಅಂತ ಸಾಲಾಗಿ ಬರುತ್ತವೆ. ಮನ್ಸಿಯವರು ಮೇ ಆದ ಮೇಲೆ ಅಕ್ಷರ ಹಾರಿಸುತ್ತಿದ್ದರು. ಬ್ಲಾಕ್ ಮೇಲೆ ಎಚ್ ಇದ್ದರೆ ಆಗಸ್ಟ್, ಮನ್ಸಿ ಬಾಕ್ಸ್ ಮೇಲೆ ಎಚ್ ಇದ್ದರೆ ಜೂನ್. ಇದು ಗೊತ್ತಿಲ್ಲದೆ ಎಷ್ಟೋ ಒರಿಜಿನಲ್ ಬಾಕ್ಸನ್ನು ‘ತಾರೀಖು ಕೂಡಲ್ಲ’ ಅಂತ ಪಕ್ಕಕ್ಕಿಡುತ್ತಾರೆ. ಅದು ನನಗೆ ನಿಜಕ್ಕೂ ಬೇಜಾರಿನ ವಿಷಯ.

ಪಂಚ್ ಮಾಡಿದ ಅಕ್ಷರವನ್ನಷ್ಟೇ ನಾನು ನಂಬುವುದಿಲ್ಲ. ಕೇಸ್ ಬೇರೆ, ಒಳಗಿನ ಗೇರ್ ಬೇರೆ ಆಗಿರಬಹುದು ಅಲ್ವಾ? ಇಂಜಿನ್‌ನ ತಿರುಗು ಬಲವನ್ನು ಬಾಕ್ಸ್ ಒಳಗೆ ತರುವ ಇನ್‌ಪುಟ್ ಶಾಫ್ಟ್‌ನ ಸ್ಪ್ಲೈನ್ (ಉದ್ದುದ್ದ ಹಲ್ಲುಗಳು) ಹತ್ತಿರ ಸುತ್ತಲೂ ಗೆರೆ ಕೊರೆದಿರುತ್ತಾರೆ. ಮನ್ಸಿಯ ಮೂರು ಮಾದರಿಗಳಲ್ಲಿ ಎಂ20ಗೆ ಎರಡು ಗೆರೆ, ಎಂ21ಗೆ ಒಂದು, ಎಂ22ಗೆ ಗೆರೆಯೇ ಇಲ್ಲ. ಉಗುರು ಆಡಿಸಿ ನೋಡಿದೆ, ಒಂದೇ ಗೆರೆ. ಹೊರಗಿನ ಬಿ, ಒಳಗಿನ ಗೆರೆ ಎರಡೂ ಒಂದೇ ಮಾತು ಹೇಳಿದವು.

ಇಂಜಿನ್‌ನಲ್ಲೂ ಹೀಗೇ ಹೊಂದಿಸಿ ನೋಡಬೇಕು. ಬ್ಲಾಕ್ ಹಿಂದಿನ ಅಂಚಿನಲ್ಲಿ ಉಬ್ಬಿದ ‘ಸಿ 14 9’ ಅಂದರೆ ಎರಕ ಹೊಯ್ದದ್ದು 1969ರ ಮಾರ್ಚ್ 14. ಬ್ಲಾಕ್‌ನ ಮುಂಭಾಗದಲ್ಲಿ ನಂಬರ್ ಪಂಚ್ ಮಾಡುವ ಸಮತಟ್ಟಾದ ಜಾಗಕ್ಕೆ ಪ್ಯಾಡ್ ಅನ್ನುತ್ತಾರೆ; ಅದರಲ್ಲಿರುವ ಇಂಜಿನ್ ಜೋಡಣೆಯ ತಾರೀಖು ಎರಕದ ತಾರೀಖಿಗಿಂತ ಆಮೇಲಿನದಿರಬೇಕು, ಕಾರು ತಯಾರಾದದ್ದು ಇನ್ನೂ ಆಮೇಲೆ. ಚಾಸಿ ನಂಬರ್‌ನ ಒಂದು ತುಂಡನ್ನೂ ಇಂಜಿನ್, ಗೇರ್‌ಬಾಕ್ಸ್ ಎರಡರ ಮೇಲೂ ಪಂಚ್ ಮಾಡಿರುತ್ತಾರೆ. ಅದರಲ್ಲಿ ಎನ್ ಇದ್ದರೆ ನಾರ್‌ವುಡ್, ಎಲ್ ಇದ್ದರೆ ಲಾಸ್ ಏಂಜಲೀಸ್ ಪ್ಲಾಂಟ್.

ಪ್ಯಾಡ್ ಓದುವಾಗ ನಂಬರ್‌ಗಿಂತ ಅದರ ಹಿಂದಿನ ಲೋಹವನ್ನು ಜಾಸ್ತಿ ನೋಡಿ. ಫ್ಯಾಕ್ಟರಿಯಲ್ಲಿ ಬ್ರೋಚಿಂಗ್ ಮಾಡಿದ, ಅಂದರೆ ಹಲ್ಲಿರುವ ಉಪಕರಣದಿಂದ ನೇರವಾಗಿ ಹೆರೆದು ಸಮ ಮಾಡಿದ, ಮೇಲ್ಮೈಯಲ್ಲಿ ಮುಂದಿನಿಂದ ಹಿಂದಕ್ಕೆ ಕೂದಲೆಳೆಯಂಥ ನೇರ ಗೆರೆಗಳಿರುತ್ತವೆ. ಕಮಾನಿನಂತೆ ಬಾಗಿದ ಗೆರೆಗಳಿದ್ದರೆ ಅಥವಾ ನುಣ್ಣಗೆ ಪಾಲಿಶ್ ಆಗಿದ್ದರೆ ಯಾರೋ ಆಮೇಲೆ ಕೆರೆದಿದ್ದಾರೆ. ನಂಬರ್ ಎಷ್ಟೇ ಚೆನ್ನಾಗಿ ಹೊಂದಿದರೂ ಆಗ ನಾನು ಅನುಮಾನ ಪಡುತ್ತೇನೆ.

ಹಿಂದಿನ ಆಕ್ಸಲ್‌ನದು ಸುಲಭದ ಕೆಲಸ. ಆಕ್ಸಲ್ ಒಳಗಿನ ದೊಡ್ಡ ಗೇರ್ ಆದ ಕ್ರೌನ್ ವೀಲ್ ಮೇಲೆ 41, 11 ಅಂತ ಹಲ್ಲಿನ ಲೆಕ್ಕ ಇತ್ತು: 41 ಅದರದು, 11 ಅದನ್ನು ತಿರುಗಿಸುವ ಚಿಕ್ಕ ಗೇರಿನದು. ಭಾಗಿಸಿದರೆ ಆಕ್ಸಲ್‌ನ ಅನುಪಾತ 3.73.

ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಮೇಲೆ ಬಣ್ಣದ ಪಟ್ಟಿ ಮಸುಕಾಗಿ ಸಿಕ್ಕಿತು. ಟ್ರೇಸಿಂಗ್ ಪೇಪರ್ ಸುತ್ತಿ ಅಗಲ, ಜಾಗ ಎರಡನ್ನೂ ಗುರುತು ಮಾಡಿಕೊಂಡೆ. ತುಕ್ಕು ತೆಗೆದ ಮೇಲೆ ಕೈಯಲ್ಲೇ, ಅಂಚು ಸ್ವಲ್ಪ ಓರೆಯಾಗಿದ್ದ ಹಾಗೇ, ಮತ್ತೆ ಎಳೆದೆ. ಟೇಪ್ ಅಂಟಿಸಿ ನೀಟಾಗಿ ಹೊಡೆದರೆ ಫ್ಯಾಕ್ಟರಿಯ ಕೆಲಸದ ಹಾಗೆ ಕಾಣಲ್ಲ. ಆಕ್ಸಲ್ ಮೇಲೆ ಬಣ್ಣದ ಗುರುತು ಏನೂ ಸಿಗಲಿಲ್ಲ. ಬೇರೆ ಕಾರಿನ ಫೋಟೊ ನೋಡಿ ಸುಮ್ನೆ ಒಂದು ಗುರುತು ಹಾಕಲು ನನಗೆ ಮನಸ್ಸಿರಲಿಲ್ಲ. ಅದನ್ನು ಖಾಲಿಯೇ ಬಿಟ್ಟಿದ್ದೇನೆ.