ಬೆರಳಲ್ಲಿ ಉಂಗುರ, ಬಾಗಿಲಲ್ಲಿ ಗೀರು

ಮೈಸೂರಿನಲ್ಲಿ ನನ್ನ ಕಾರ್ ಡೀಟೇಲಿಂಗ್ ಅಂಗಡಿಗೆ, ಅಂದರೆ ಕಾರು ತೊಳೆದು ಹೊಳಪು ಕೊಡುವ ಅಂಗಡಿಗೆ, ಕೆಲಸ ಜಾಸ್ತಿ ಬರುವುದು ಆಯುಧಪೂಜೆ ಮುಗಿದ ಮೇಲೆ. ಬಾನೆಟ್ ಮೇಲೆ ಅರಿಶಿನದ ಕಲೆ, ಹಾರ ಅಂಟಿಸಿದ ಟೇಪಿನ ಅಂಟು, ಬಾಳೆಕಂದು ಉಜ್ಜಿದ ಗುರುತು. ‘ಏನಾದ್ರೂ ಮಾಡಪ್ಪ’ ಅನ್ನುತ್ತಾರೆ.

ನಾನು ಶುರು ಮಾಡಿದ್ದು ಮಂಡ್ಯದಲ್ಲಿ. ಒಂದು ಬಕೆಟ್, ಹಳೇ ಬನಿಯನ್ ಬಟ್ಟೆ, ಅಷ್ಟೇ. ನಾಲ್ಕು ಕಾಸು ಕೂಡಿದಾಗ ಮಾಡಿಸಿದ ಮೊದಲ ವಸ್ತು ಚಿನ್ನದ ಉಂಗುರ. ಗಿರಾಕಿಗಳಿಗೆ ಕಾಣಲಿ ಅಂತ ಕೆಲಸದಲ್ಲೂ ಹಾಕಿಕೊಂಡಿರುತ್ತಿದ್ದೆ.

ಒಮ್ಮೆ ಬೆಲ್ಲದ ಮಂಡಿ ಯಜಮಾನರೊಬ್ಬರ ಕಪ್ಪು ಕಾರು ಬಂತು. ಬಾಗಿಲು ಒರೆಸುವಾಗ ಉಂಗುರ ತಾಗಿ ಉದ್ದಕ್ಕೆ ಗೀರು ಬಿತ್ತು. ಬಣ್ಣದ ಮೇಲಿನ ಕ್ಲಿಯರ್ ಕೋಟ್ ಅನ್ನೋ ಪಾರದರ್ಶಕ ಪದರ ಸಾಮಾನ್ಯವಾಗಿ 40–50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಉಗುರು ಆಡಿಸಿ ನೋಡಿದೆ, ಸಿಕ್ಕಿಹಾಕಿಕೊಂಡಿತು. ಹಾಗಾದರೆ ಪಾಲಿಶ್‌ಗೆ ಹೋಗುವ ಗೀರಲ್ಲ. ಯಾರೂ ನೋಡಿರಲಿಲ್ಲ. ಮೊದಲೇ ಇತ್ತು ಅಂದುಬಿಡಬಹುದಿತ್ತು, ನಾಲಿಗೆ ತುದಿಗೂ ಬಂದಿತ್ತು. ಆದರೂ ಹೇಳಿದೆ.

ಯಜಮಾನರು ನನ್ನ ಕೈ ನೋಡಿದರು. ‘ಆಲೆಮನೆ ಕೊಪ್ಪರಿಗೆ ಹತ್ರ ನಾನೂ ಉಂಗುರ ಹಾಕಲ್ಲ ಕಣಪ್ಪ. ಬಿಸಿ ಪಾಕ ಹಾರಿದ್ರೆ ಬೆರಳಿಗೇ ಅಂಟ್ಕೊಳ್ಳುತ್ತೆ’ ಅಂದರು. ಪಂಚೆ ಎತ್ತಿ ಕಟ್ಟಿ ಅಲ್ಲೇ ಕಲ್ಲಿನ ಮೇಲೆ ಕೂತು ಟೀ ತರಿಸಿದರು. ಇಡೀ ಬಾಗಿಲಿಗೆ ನನ್ನ ಖರ್ಚಲ್ಲೇ ಬಣ್ಣ ಹೊಡೆಸಿಕೊಟ್ಟೆ. ಆ ತಿಂಗಳು ಅಂಗಡಿಯ ಬಾಡಿಗೆ ತಡವಾಯಿತು.

ಈಗ ಅಂಗಡಿಯೊಳಗೆ ಬಂದವರು ಉಂಗುರ, ವಾಚು, ಬೆಲ್ಟು ಎಲ್ಲ ಬಿಚ್ಚಿಡಬೇಕು. ನಾನೂ ಸೇರಿ. ಬಕೆಟ್ ಎರಡು: ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಕೈಗವಸು ಜಾಲಿಸುವ ಬರೀ ನೀರು. ನೆಲಕ್ಕೆ ಬಿದ್ದ ಮೈಕ್ರೋಫೈಬರ್ ಬಟ್ಟೆ ಮತ್ತೆ ಕಾರಿನ ಮೈಗೆ ತಾಗಬಾರದು. ಒಂದು ಮರಳಿನ ಕಣ ಸಾಕು. ಬೋರ್‌ವೆಲ್ ನೀರು ಬಿಸಿಲಲ್ಲಿ ಒಣಗಿದರೆ ಬಿಳಿ ಚುಕ್ಕೆ ಕೂರುತ್ತೆ, ಅದಕ್ಕೆ ನೆರಳಲ್ಲೇ ತೊಳೆದು ತಕ್ಷಣ ಒರೆಸುತ್ತೇವೆ. ಬಣ್ಣದ ಮೇಲೆ ಬಳಿಯುವ ಸೆರಾಮಿಕ್ ಕೋಟಿಂಗ್ ಅನ್ನೋ ಲೇಪ ಹಾಕಿಸಿದರೆ ಗೀರೇ ಬೀಳಲ್ಲ ಅಂತ ಮಾರುವವರಿದ್ದಾರೆ. ಬೀಳುತ್ತೆ ಸ್ವಾಮಿ! ತೊಳೆಯುವುದು ಸುಲಭ ಆಗುತ್ತೆ ಅಂತ ಮಾತ್ರ ನಾನು ಹೇಳುತ್ತೇನೆ. ಕೆಲವರು ಎದ್ದು ಹೋಗುತ್ತಾರೆ, ಹೋಗಲಿ.

ಈಗ ಕೆಲಸಕ್ಕೆ ಹುಡುಗರಿದ್ದಾರೆ, ಕೈಯಲ್ಲಿ ದುಡ್ಡೂ ಇದೆ. ಆದರೂ ಚಕ್ರದ ಒಳಮೈ ಕೆಸರು ನಾನೇ ತೆಗೆಯುವುದು. ಹುಡುಗರು ಅಲ್ಲೇ ಕಳ್ಳಾಟ ಆಡುವುದು, ಅಲ್ವಾ?

ಉಂಗುರ ಬೀರುವಿನಲ್ಲಿದೆ. ಮೊನ್ನೆ ಒಂದು ಮದುವೆಗೆ ಹಾಕಿಕೊಂಡು ಹೋಗಿದ್ದೆ, ಬೆರಳು ದಪ್ಪ ಆಗಿ ವಾಪಸ್ ಬರಲೇ ಇಲ್ಲ. ಕೊನೆಗೆ ಅಂಗಡಿಗೆ ಬಂದು ಕಾರ್ ಶಾಂಪೂ ಹಚ್ಚಿ ಎಳೆದೆ.